ಕೊನೆಯ ಬಿಳಿ ಹಾಳೆಯ ಬೆನ್ನು ಹತ್ತಿ

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಕತ್ರಿಗುಪ್ಪೆಯ ಮನೆಯಿಂದ ಹೊರಬಿದ್ದೆ. ಕೈಯಲ್ಲಿ ಬಟ್ಟೆ ಚೀಲ. ಅದರೊಳಗೆ ನೀರಿನ ಬಾಟಲಿ, ಛತ್ರಿ, ಆಧಾರ್ ಕಾರ್ಡು, ಜೊತೆಗೆ ಮೇಜಿನ ಡ್ರಾಯರಿನಿಂದ ಎತ್ತಿ ಹಾಕಿಕೊಂಡ ಒಂದು ವೈಟ್ನರ್ ಬಾಟಲಿ. ಉಪ್ಪಿಟ್ಟು ತಟ್ಟೆಯಲ್ಲೇ ಆರುತ್ತಿತ್ತು. ಆ ದಿನ ನಾನು ಓಡಾಡಿದ್ದು ಒಟ್ಟು ಇಪ್ಪತ್ತೈದು ಕಿಲೋಮೀಟರ್ ಇದ್ದರೆ ಹೆಚ್ಚು. ಆದರೂ ಕಾಶಿ, ಬದರಿ ನೋಡಿ ಬಂದ ನನಗೆ ಇಷ್ಟು ಏದುಸಿರು ಬಿಡಿಸಿದ ಪ್ರವಾಸ ಇನ್ನೊಂದು ನೆನಪಿಲ್ಲ.

ವಿಷಯ ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮದೊಂದು ಓದುಗರ ಬಳಗವಿದೆ, ಹನ್ನೊಂದು ಜನ. ಹೆಸರು ‘ಕೈಬದಲು’. ಹಳೆಯ ಕನ್ನಡ ಕಾದಂಬರಿಗಳನ್ನು ಫುಟ್‌ಪಾತಿನಲ್ಲಿ, ಗುಜರಿ ಅಂಗಡಿಯಲ್ಲಿ, ಮನೆ ಖಾಲಿ ಮಾಡುವವರ ಅಟ್ಟದಲ್ಲಿ ಹುಡುಕಿ ತರುವುದು, ಓದುವುದು, ಮುಂದಿನವರಿಗೆ ದಾಟಿಸುವುದು, ಇಷ್ಟೇ ನಮ್ಮ ಕೆಲಸ. ಪುಸ್ತಕ ಕೈಯಿಂದ ಕೈಗೇ ಹೋಗಬೇಕು, ಕೊರಿಯರ್ ಗಿರಿಯರ್ ಕೂಡದು. ಹಾಳೆ ಹರಿಯುವಂತಿಲ್ಲ. ಓದಿ ಮುಗಿಸಿದವರು ಪುಸ್ತಕದ ಕೊನೆಯ ಬಿಳಿ ಹಾಳೆಯಲ್ಲಿ ಹೆಸರು ಹಾಕಿ ಮನಸ್ಸಿಗೆ ಬಂದದ್ದನ್ನು ಒಂದೆರಡು ಸಾಲು ಬರೆಯಬೇಕು. ಆದರೆ ‘ಚೆನ್ನಾಗಿದೆ’ ಎಂದು ಮಾತ್ರ ಬರೆಯಕೂಡದು. ಈ ಕೊನೆಯ ನಿಯಮ ಮಾಡಿದವಳು ನಾನೇ. ಮದುವೆ ಊಟಕ್ಕೂ ಚೆನ್ನಾಗಿದೆ, ಸೀರೆಗೂ ಚೆನ್ನಾಗಿದೆ, ಕಾದಂಬರಿಗೂ ಚೆನ್ನಾಗಿದೆ ಅಂದರೆ ಓದಿದ್ದಕ್ಕೆ ಏನು ಗುರುತು ಅಂತ ಮೊದಲ ದಿನವೇ ಜಗಳ ತೆಗೆದಿದ್ದೆ.

ಯುಗಾದಿಗೆ ಮುಂಚೆ ಬನಶಂಕರಿಯ ಒಂದು ಗುಜರಿ ಅಂಗಡಿಯಲ್ಲಿ, ಹಳೆಯ ಕುಕ್ಕರುಗಳ ಕೆಳಗೆ, ‘ನೀರಿನ ಟ್ಯಾಂಕಿನ ಪಕ್ಕದ ಮನೆ’ ಎಂಬ ಕಾದಂಬರಿ ನನಗೆ ಸಿಕ್ಕಿತು. ಬರೆದವರು ನೀಲಗಂಗಾ. ಹೆಸರೇ ಕೇಳಿರಲಿಲ್ಲ. ರಟ್ಟಿನ ಮೇಲೆ ಯಾವುದೋ ಮುಚ್ಚಿಹೋದ ಬಾಡಿಗೆ ಲೈಬ್ರರಿಯ ಸೀಲು, ಒಳಗೆ ಪೈಸೆಗಳ ಕಾಲದ ಬಸ್ ಟಿಕೇಟು, ಒಂದು ಒಣಗಿದ ದವನದ ಎಸಳು. ಇಂಥದ್ದು ಸಿಕ್ಕರೆ ನನಗೆ ಎರಡು ದಿನ ಹಸಿವೆ ಆಗುವುದಿಲ್ಲ. ಜಯನಗರದಲ್ಲಿ ಬಾಡಿಗೆ ಕೋಣೆ ಹಿಡಿದು ಒಂಟಿಯಾಗಿ ಬದುಕುವ ಸುಮಿತ್ರಾ ಎಂಬ ಟೈಪಿಸ್ಟಿನ ಕಥೆ. ಮನೆಯವರು, ಆಫೀಸಿನವರು, ಬೀದಿಯವರು ಯಾರು ಏನೆಂದರೂ ಜಗ್ಗದ ಹುಡುಗಿ. ಅಂಥವಳು ಕೊನೆಯ ಹತ್ತು ಪುಟದಲ್ಲಿ, ಅಣ್ಣ ಬಂದು ಕಣ್ಣೀರು ಹಾಕಿದ್ದೇ ತಡ, ಟ್ರಂಕು ಕಟ್ಟಿಕೊಂಡು ಅವನ ಹಿಂದೆ ಹೋಗಿ ಅವನು ತೋರಿಸಿದ ಗಂಡಿಗೆ ತಲೆ ಬಾಗಿಸುತ್ತಾಳೆ! ನನಗೆ ಮೈಯೆಲ್ಲ ಉರಿದುಹೋಯಿತು. ಬಿಳಿ ಹಾಳೆಯ ಮೇಲ್ತುದಿಯಲ್ಲಿ ಮೊದಲ ಓದುಗಿಯಾಗಿ ನಾನು ಬರೆದದ್ದು ಇಷ್ಟು: ‘ವಿಮಲಾ, ಕತ್ರಿಗುಪ್ಪೆ. ಇನ್ನೂರ ಹತ್ತು ಪುಟ ಬೆನ್ನು ನೆಟ್ಟಗೆ ಇಟ್ಟುಕೊಂಡವಳಿಗೆ ಕೊನೇ ಹತ್ತು ಪುಟದಲ್ಲಿ ಏನು ಬಂತು ಕೇಡು? ಸುಮಿತ್ರಾ ಹೇಡಿಯಲ್ಲ. ಬರೆದಾಕೆ ಹೇಡಿ.’

ಪುಸ್ತಕ ಮುಂದಕ್ಕೆ ಹೋಯಿತು, ನಾನು ಮರೆತೆ. ಶನಿವಾರ ಬೆಳಿಗ್ಗೆ ಎಂಟಕ್ಕೆ ಬಳಗದ ಫೋನ್ ಗುಂಪಿನಲ್ಲಿ ಹೊಸಬರೊಬ್ಬರ ಮೆಸೇಜು ಬಂತು. ‘ನಮಸ್ಕಾರ. ನಾನು ಶಿವಗಂಗಮ್ಮ, ಜೆ.ಪಿ. ನಗರ. ಟೈಲರ್ ಶಬಾನಾ ನನ್ನನ್ನು ಇಲ್ಲಿ ಸೇರಿಸಿದ್ದಾಳೆ. ಬಹಳ ವರ್ಷದ ಹಿಂದೆ ನೀಲಗಂಗಾ ಎಂಬ ಹೆಸರಿನಲ್ಲಿ ಒಂದೇ ಒಂದು ಕಾದಂಬರಿ ಬರೆದಿದ್ದೆ. ನನ್ನ ಹತ್ತಿರವೇ ಪ್ರತಿ ಉಳಿದಿಲ್ಲ. ಎಲ್ಲಾದರೂ ಕಂಡರೆ ಹೇಳಿ.’ ಅದರ ಕೆಳಗೇ ಶಬಾನಾಳ ವಾಯ್ಸ್ ಮೆಸೇಜು: “ಅಮ್ಮಾ, ನೀವೇನಾ ಅದು! ನಿಮ್ ಬುಕ್ ನಮ್ಮಲ್ಲೇ ಓಡಾಡ್ತಿದೆ! ಇವತ್ತೇ ನಿಮ್ ಕೈಗೆ ತಲುಪಿಸ್ತೀವಿ!” ಎಲ್ಲರೂ ಚಪ್ಪಾಳೆ, ಹೂವು, ಕೈಮುಗಿದ ಚಿತ್ರ ಹಾಕಿದರು. ನಾನು ಕಾಫಿ ಲೋಟ ಕೆಳಗಿಟ್ಟೆ.

ಅಷ್ಟು ವರ್ಷ ಕಳೆದು ತನ್ನ ಪುಸ್ತಕವನ್ನು ಕೈಗೆ ತೆಗೆದುಕೊಳ್ಳುವ ಮುದುಕಿ. ಪುಟ ತಿರುಗಿಸುತ್ತಾಳೆ. ಕೊನೆಯಲ್ಲಿ ನನ್ನ ಕೈಬರಹದಲ್ಲಿ ‘ಹೇಡಿ’. ಥೂ, ನನ್ನ ನಾಲಿಗೆಗಿಂತ ನನ್ನ ಪೆನ್ನು ಕೆಟ್ಟದ್ದು.

“ಫೋನ್ ಮಾಡಿ ಕ್ಷಮೆ ಕೇಳ್ಬಿಡು” ಎಂದರು ನನ್ನ ಗಂಡ, ಪೇಪರಿನಿಂದ ತಲೆ ಎತ್ತದೆ.

“ಓದೋಕೆ ಮುಂಚೇನೇ ಕ್ಷಮೆ ಕೇಳೋದು ಹೆಂಗ್ರೀ? ನಿಮ್ಮನ್ನ ಹೇಡಿ ಅಂದಿದೀನಿ, ಆಮೇಲೆ ನೋಡ್ಕೊಳ್ಳಿ ಅನ್ಲಾ?”

“ಹಾಗಾದ್ರೆ ಸುಮ್ನಿರು.”

ಸುಮ್ಮನಿರುವುದು ನನ್ನ ಜಾಯಮಾನಕ್ಕೆ ಬಂದದ್ದಲ್ಲ. ಶಬಾನಾಳಿಗೆ ಮೂರು ಸಲ ಫೋನ್ ಮಾಡಿದೆ. ಮಶೀನಿನ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲವೋ ಏನೋ, ಎತ್ತಲಿಲ್ಲ. ಗುಂಪಿನಲ್ಲಿ ಬರೆದರೆ ಹನ್ನೆರಡು ಜನರ ಮುಂದೆ, ಅದರಲ್ಲೂ ಆ ತಾಯಿಯ ಮುಂದೆಯೇ, ನನ್ನ ಮಾನ ಹರಾಜು. ಪುಸ್ತಕ ಶಬಾನಾಳ ಹತ್ತಿರ ಇರುವಾಗಲೇ ಹೋಗಿ, ಆ ಒಂದು ಸಾಲಿಗೆ ವೈಟ್ನರ್ ಬಳಿದುಬಿಡುವುದು ಎಂದು ತೀರ್ಮಾನಿಸಿ ಚಪ್ಪಲಿ ಮೆಟ್ಟಿದೆ.

ಆಷಾಢದ ಗಾಳಿ ಸೀರೆಯನ್ನು ಗಾಳಿಪಟ ಮಾಡುತ್ತಿತ್ತು. ಮಳೆಯಿಲ್ಲ, ಬಿಸಿಲೂ ಇಲ್ಲ. ಕತ್ರಿಗುಪ್ಪೆಯಿಂದ ಬನಶಂಕರಿ ಬಸ್ ನಿಲ್ದಾಣಕ್ಕೆ ಹದಿನೈದು ನಿಮಿಷ. ಹೆಂಗಸರಿಗೆ ಟಿಕೇಟು ಪುಕ್ಕಟೆ. ಕಂಡಕ್ಟರು ಆಧಾರ್ ಕಾರ್ಡಿನ ಫೋಟೋ ನೋಡಿ ನನ್ನನ್ನು ನೋಡಿ, “ಇದು ನೀವೇನಾ ಅಮ್ಮಾ?” ಎಂದ. ಬೇರೆ ದಿನವಾಗಿದ್ದರೆ ಅವನಿಗೆ ಸರಿಯಾಗಿ ಹೇಳುತ್ತಿದ್ದೆ. ಬನಶಂಕರಿಯಲ್ಲಿ ಜಯನಗರ ಫೋರ್ತ್ ಬ್ಲಾಕಿನ ಬಸ್ಸು ಹೊರಡಲು ಸಿದ್ಧವಾಗಿತ್ತು. ಓಡಿ ಹತ್ತಿದೆ. ಈ ವಯಸ್ಸಿನಲ್ಲಿ ಓಡಿ ಬಸ್ಸು ಹತ್ತಿದ್ದನ್ನು ಯಾರಾದರೂ ಮೆಚ್ಚಿಕೊಳ್ಳುತ್ತಾರೇನೋ ಎಂದು ಸುತ್ತ ನೋಡಿದೆ. ಎಲ್ಲರೂ ಫೋನ್ ನೋಡುತ್ತಿದ್ದರು.

ಶಬಾನಾಳ ಅಂಗಡಿ ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಿನ ಹಿಂದಿನ ಗಲ್ಲಿಯಲ್ಲಿದೆ. ಆರಡಿ ಅಗಲ, ಒಂದು ಮಶೀನು, ಮೇಲೆ ಹಲಗೆಯಲ್ಲಿ ಬ್ಲೌಸ್ ಪೀಸುಗಳ ಪಕ್ಕದಲ್ಲೇ ಕಾದಂಬರಿಗಳು. ಶ್ರಾವಣದ ಹಬ್ಬಗಳಿಗೆ ಹೊಲಿಸುವವರು ಆಗಲೇ ಸಾಲಾಗಿ ನಿಂತಿದ್ದರು. ನನ್ನನ್ನು ಕಂಡು ಅವಳು ಮಶೀನು ನಿಲ್ಲಿಸಿದಳು.

“ಅರೆ ಮೇಡಂ! ಮೆಸೇಜ್ ನೋಡಿದ್ರಾ? ಆರು ವರ್ಷದಿಂದ ಆ ಅಮ್ಮನ ಬ್ಲೌಸ್ ಹೊಲೀತಿದೀನಿ. ಅಳತೆ ಬಾಯಿಪಾಠ. ಅವ್ರೇ ರೈಟರ್ ಅಂತ ಒಂದಿನಾನೂ ಹೇಳಿಲ್ಲ ನೋಡಿ!”

“ಶಬಾನಾ, ಪುಸ್ತಕ ಕೊಡು ಬೇಗ.”

“ನನ್ನ ಹತ್ರ ಎಲ್ಲಿದೆ? ಹೋದ್ ಭಾನುವಾರಾನೇ ಮುನಿರಾಜಣ್ಣ ಬಂದು ಇಸ್ಕೊಂಡ್ ಹೋದ್ರಲ್ಲ. ಬೆಳಿಗ್ಗೆ ಅವ್ರಿಗೆ ಹೇಳಿದೀನಿ, ಅವ್ರೇ ತಗೊಂಡ್ ಹೋಗ್ತಾರೆ.” ಆಮೇಲೆ ನನ್ನ ಮುಖ ನೋಡಿದಳು. ನಿಧಾನವಾಗಿ ಬಾಯಿಗೆ ಕೈ ಹೋಯಿತು. “ಅಯ್ಯಯ್ಯೋ. ನೀವು ಬರ್ದಿದ್ದು!”

“ಅದಕ್ಕೇ ಓಡಿ ಬಂದಿರೋದು.”

“ನೀವು ಬರ್ದಿದ್ದಕ್ಕೆ ನಾನೂ ಕೆಳಗೆ ಹೂಂ ಅಂತ ಬರ್ದಿದೀನಿ ಮೇಡಂ! ಹೋಗಿ ಹೋಗಿ, ನಿಲ್ಬೇಡಿ, ಮುನಿರಾಜಣ್ಣ ಹತ್ತೂವರೆಗೆ ಹೊರಡ್ತೀನಿ ಅಂದಿದ್ರು.”

ಗಂಟೆ ಒಂಬತ್ತೂ ಮುಕ್ಕಾಲು. ನಮ್ಮ ಬಳಗದ ಮುನಿರಾಜು ಇರುವುದು ಬಿಟಿಎಂ ಲೇಔಟಿನಲ್ಲಿ. ಫೋನ್ ಮಾಡಿದೆ, ಎತ್ತಲಿಲ್ಲ. ಆಟೋ ಹಿಡಿದು ಆರ್.ವಿ. ರೋಡ್ ಮೆಟ್ರೋಗೆ ಹೋದರೆ ಅಲ್ಲಿಂದ ಹಳದಿ ಮಾರ್ಗದಲ್ಲಿ ಮೂರೇ ನಿಲ್ದಾಣ. ಧಾರಾಳವಾಗಿ ಸಮಯವಿತ್ತು. ಈಗ ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆಟೋಗೆ ಕೈ ಎತ್ತುವಾಗ ಪಕ್ಕದ ಫುಟ್‌ಪಾತಿನಲ್ಲಿ ಒಬ್ಬಾತ ಟಾರ್ಪಾಲು ಹಾಸಿ ಮೂಟೆ ಬಿಚ್ಚುತ್ತಿದ್ದ. ಕನ್ನಡ ಪುಸ್ತಕಗಳು. ಅದೂ ಒಂದೇ ಮನೆಯಿಂದ ಬಂದ ಮೂಟೆ, ಎಲ್ಲಕ್ಕೂ ಒಂದೇ ಖಾಕಿ ಬೈಂಡು, ಒಂದೇ ಕೈಬರಹದ ಚೀಟಿ.

ಎರಡೇ ನಿಮಿಷ ಎಂದುಕೊಂಡು ಕೂತೆ. ಒಂದು ಮೂಟೆ ಬಿಚ್ಚುವಾಗ ಪಕ್ಕದಲ್ಲಿ ಮೊದಲಿಗರಾಗಿ ಇರುವ ಸುಖ ನಮ್ಮಂಥವರಿಗೆ ಮಾತ್ರ ಗೊತ್ತು. ಧೂಳು ಕೊಡವಿದಾಗ ಬರುವ ಆ ಹುಳಿ ವಾಸನೆ, ‘ಚಿ. ಸೌ. ಗೆ ಹುಟ್ಟುಹಬ್ಬಕ್ಕೆ’ ಎಂಬ ಬರಹ, ಅಂಚಿನಲ್ಲಿ ಯಾರೋ ಹಾಕಿದ ಪ್ರಶ್ನೆ ಗುರುತು. ಎರಡು ಕಾದಂಬರಿ ಆರಿಸಿದೆ. ಮುನಿರಾಜುವಿಗೆ ಪತ್ತೇದಾರಿ ಇಷ್ಟ, ಒಂದು ಪತ್ತೇದಾರಿ ತೆಗೆದಿಟ್ಟೆ. ಶಬಾನಾಗೆ ದಪ್ಪದ್ದು ಬೇಕು, ಒಂದು ದಪ್ಪದ್ದು. ಮೊದಲು ಆರಿಸಿದ್ದರಲ್ಲಿ ಒಂದರ ಮೊದಲ ಭಾಗ ಮಾತ್ರ ಸಿಕ್ಕಿತ್ತು, ಎರಡನೇ ಭಾಗಕ್ಕೆ ಇಡೀ ಮೂಟೆ ತಡಕಿದೆ. ತಲೆ ಎತ್ತಿ ಗಡಿಯಾರ ನೋಡಿದರೆ ಹತ್ತು ಇಪ್ಪತ್ತೈದು! ಮನೆಗೆ ಬೆಂಕಿ ಬಿದ್ದಿದ್ದರೂ ನಾನು ಹೀಗೇ ಕೂತಿರುತ್ತಿದ್ದೆನೋ ಏನೋ. ನಾಲ್ಕು ಪುಸ್ತಕ ಚೀಲಕ್ಕೆ ತುಂಬಿ, ನನಗೆ ನಾನೇ ಬೈದುಕೊಳ್ಳುತ್ತಾ ಆಟೋ ಹತ್ತಿದೆ.

ಮೆಟ್ರೋದಲ್ಲಿ ನೆಲದಿಂದ ಎಷ್ಟೋ ಎತ್ತರದಲ್ಲಿ ನಿಂತು ರೈಲಿಗೆ ಕಾದೆ. ರೈಲು ತಣ್ಣಗಿತ್ತು, ಹೊಸ ವಾಸನೆ ಇನ್ನೂ ಹೋಗಿರಲಿಲ್ಲ. ರಾಗಿಗುಡ್ಡದ ಮರಗಳ ತಲೆ ಕಂಡಿತು, ಮನೆಗಳ ತಾರಸಿಯ ಮೇಲಿನ ಒಣಮೆಣಸಿನಕಾಯಿ ಕಂಡಿತು. ಎದುರಿನ ಹುಡುಗಿ ನನ್ನ ಚೀಲದಿಂದ ಇಣುಕುತ್ತಿದ್ದ ಪತ್ತೇದಾರಿಯನ್ನು ತಲೆ ಓರೆ ಮಾಡಿ ಓದಲು ನೋಡುತ್ತಿದ್ದಳು. ಬೇರೆ ದಿನವಾಗಿದ್ದರೆ ಇಷ್ಟರಲ್ಲಿ ಅವಳನ್ನು ಬಳಗಕ್ಕೆ ಸೇರಿಸಿಬಿಡುತ್ತಿದ್ದೆ. ಬಿಟಿಎಂ ನಿಲ್ದಾಣದಲ್ಲಿ ಇಳಿದು ಮುನಿರಾಜು ಅವರ ಮನೆ ಮುಟ್ಟಿದಾಗ ಹನ್ನೊಂದು.

ಮುನಿರಾಜು ಆ ಕಡೆಯ ಹಳೆಯ ಊರಿನವರು. ಮಡಿವಾಳ ಕೆರೆಯ ನೀರಿನಲ್ಲಿ ಅವರಪ್ಪ ಭತ್ತ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿಯ ಪಿ.ಜಿ. ಕಟ್ಟಡ. ಅದರ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ದಿನಕ್ಕೆ ನೂರು ಪುಟ ಓದುವುದು ಅವರ ಕಸುಬು. ಓದುವಾಗ ಫೋನನ್ನು ಒಳಗೆ ಅಕ್ಕಿ ಡಬ್ಬಿಯ ಮೇಲೆ ಇಟ್ಟು ಬರುತ್ತಾರೆ. ನಾನು ಹೋದಾಗ ಕುರ್ಚಿ ಖಾಲಿ. ಅವರ ಹೆಂಡತಿ ಲಕ್ಷ್ಮಕ್ಕ ಹೊರಗೆ ಬಂದರು.

“ಈಗ್ ತಾನೆ ಹೋದ್ರಲ್ಲ ಮೇಡಂ. ಸ್ನಾನ ಮಾಡಿ, ಬಿಳೀ ಶರ್ಟ್ ಹಾಕ್ಕೊಂಡು! ಬರೆಯೋರ ಮನೆಗೆ ಬರಿಗೈಲಿ ಹೋಗ್ಬಾರ್ದು ಅಂತ ಮಡಿವಾಳ ಮಾರ್ಕೆಟ್ಟಿಗೆ ಹಣ್ಣು ತರೋಕೆ ಹೋಗವ್ರೆ. ಫೋನ್ ಇಲ್ಲೇ ಐತೆ ನೋಡಿ.”

ನನ್ನ ಪಾಲಿಗೆ ದೇವರು ಆ ಹಣ್ಣಿನ ರೂಪದಲ್ಲಿ ಬಂದ. ಮತ್ತೆ ಆಟೋ. ಮಡಿವಾಳ ಎರಡು ಕಿಲೋಮೀಟರ್ ಇಲ್ಲ. ಅಷ್ಟಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಸಿಲ್ಕ್ ಬೋರ್ಡ್ ಕಡೆಯ ವಾಹನಗಳೆಲ್ಲ ಒಂದರ ಬೆನ್ನಿಗೊಂದು ಅಂಟಿಕೊಂಡು ನಿಂತಿದ್ದವು. “ಮುಂದೆ ಹೋಗಪ್ಪಾ” ಎಂದೆ. ಆಟೋದವನು ಎರಡೂ ಕೈ ಹ್ಯಾಂಡಲಿನಿಂದ ತೆಗೆದು ತೋರಿಸಿದ. “ಎಲ್ಲಿಗ್ ಹೋಗ್ಲಿ ಆಂಟಿ, ಮೇಲಕ್ಕಾ?” ಕೊನೆಗೆ ಅರ್ಧ ದಾರಿಯಲ್ಲೇ ಇಳಿದು ನಡೆದೆ.

ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟು, ಕೆಸರು, ಹೂವಿನ ರಾಶಿ, ಜನ. ಬಿಳಿ ಶರ್ಟನ್ನೇ ಹುಡುಕುತ್ತಾ ಹೋದೆ. ಒಂದು ಹಣ್ಣಿನ ಗಾಡಿಯ ಮುಂದೆ ಮುನಿರಾಜು ದಾಳಿಂಬೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಲ್ಲಿ ತಟ್ಟಿ ನೋಡುತ್ತಿದ್ದರು. ಕಂಕುಳಲ್ಲಿ ಪೇಪರು ಸುತ್ತಿದ ಪುಸ್ತಕ. ನನಗೆ ಅಳುವೇ ಬಂದಂತಾಯಿತು.

“ಏನ್ ಮೇಡಂ, ನೀವಿಲ್ಲಿ? ಇಲ್ಲೀಗಂಟ ಸೊಪ್ಪು ತಗೊಳ್ಳೋಕೆ ಬಂದ್ರಾ?”

“ಪುಸ್ತಕ ಕೊಡಿ ಮುನಿರಾಜು. ಆಮೇಲೆ ಹೇಳ್ತೀನಿ.”

ಮುಚ್ಚಿದ್ದ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ಪೇಪರು ಬಿಚ್ಚಿದೆ. ವೈಟ್ನರ್ ಬಾಟಲಿ ತೆಗೆದು ಕುಲುಕಿದೆ. ಮುನಿರಾಜು ಬಾಟಲಿ ನೋಡಿದರು, ನನ್ನನ್ನು ನೋಡಿದರು, ಅವರಿಗೆ ಅರ್ಥವಾಯಿತು. ಬೇಡ ಎನ್ನಲಿಲ್ಲ. “ನೋಡಿ ಮೇಡಂ, ನೀವೇ ಬರ್ದಿದ್ದು, ನೀವೇ ಅಳಿಸ್ಬೋದು. ಅದ್ರ ಕೆಳ್ಗಡೆ ಇರೋದ್ನ ಮಾತ್ರ ಒಂದ್ಸಲ ಓದ್ಬಿಡಿ” ಎಂದು ಪಕ್ಕದಲ್ಲಿ ಕೂತರು.

ಓದಿದೆ. ನನ್ನ ಸಾಲಿನ ಕೆಳಗೆ ಬಳಗದ ಗಣಿತದ ಮೇಷ್ಟರು ಬರೆದಿದ್ದರು: ‘ಮೇಲಿನವರು ಹೇಳಿದ್ದನ್ನು ಒಪ್ಪಲಾರೆ. ಒಂಟಿ ಹೆಣ್ಣು ಎಷ್ಟು ದಿನ ಹಾಗೆ ಇರಲಾದೀತು?’ ಅದನ್ನು ನೋಡಿ ಮತ್ತೆ ನನ್ನ ಮೈ ಉರಿಯಿತು, ಅದು ಬೇರೆ ಮಾತು. ಆಮೇಲೆ ಶಬಾನಾ: ‘ಇರಲು ಆಗುತ್ತದೆ ಸಾರ್, ನಾನಿದ್ದೇನೆ. ವಿಮಲಾ ಮೇಡಂ ಮಾತೇ ನನ್ನ ಮಾತು. ಆದರೆ ಟೈಪ್ ಮಶೀನಿನ ಸದ್ದು ಬರೆದಿರುವ ರೀತಿ! ನನ್ನ ಮಶೀನು ನಿಲ್ಲಿಸಿ ಅತ್ತುಬಿಟ್ಟೆ.’ ಕೊನೆಯಲ್ಲಿ ಮುನಿರಾಜು: ‘ವಿಮಲಮ್ಮನವರು ಬೈದಿದ್ದಕ್ಕೇ ಎರಡು ಸಲ ಓದಿದೆ. ಎರಡನೇ ಸಲ ಕೊನೇ ಹತ್ತು ಪುಟ ಬಿಟ್ಟೆ. ನನ್ನ ಮಟ್ಟಿಗೆ ಸುಮಿತ್ರಾ ಇನ್ನೂ ಟ್ಯಾಂಕಿನ ಪಕ್ಕದಲ್ಲೇ ಇದ್ದಾಳೆ.’

ನನ್ನ ಸಾಲು ಅಳಿಸಿದರೆ ಮೇಷ್ಟರು ಜಗಳ ಆಡಿದ್ದು ಯಾರ ಜೊತೆ? ಶಬಾನಾ ಹೂಂ ಎಂದದ್ದು ಯಾವುದಕ್ಕೆ? ಒಂದು ಸಾಲು ಕಿತ್ತರೆ ಇಡೀ ಪುಟ ತಳ ಬಿಟ್ಟ ಪಾತ್ರೆ ಆಗುತ್ತಿತ್ತು. ‘ಹೇಡಿ’ ಎಂಬ ಒಂದು ಪದಕ್ಕೆ ಮಾತ್ರ ಬಳಿಯಲೇ ಎಂದು ಕುಂಚವನ್ನು ಹತ್ತಿರ ತಂದೆ. ಬಿಳಿ ಹಾಳೆಯಲ್ಲಿ ಬಿಳಿ ಮಚ್ಚೆ ಇದ್ದರೆ ಓದುವವರಿಗೆ ಅದೇ ಮೊದಲು ಕಾಣುತ್ತದೆ. ಬೆಳಕಿಗೆ ಹಿಡಿದು ನೋಡದೆ ಬಿಡುವವರು ನಮ್ಮ ಬಳಗದಲ್ಲಿ ಒಬ್ಬರೂ ಇಲ್ಲ. ಮುಚ್ಚಳ ತಿರುಗಿಸಿ ಬಾಟಲಿಯನ್ನು ಚೀಲಕ್ಕೆ ಹಾಕಿದೆ.

“ನಾನೂ ಬರ್ತೀನಿ. ಬೈಸ್ಕೊಳ್ಳೋದಾದ್ರೆ ಎದುರಿಗೇ ಬೈಸ್ಕೊಳ್ತೀನಿ” ಎಂದೆ.

“ಸ್ಕೂಟರ್ ಹತ್ತಿ ಮೇಡಂ. ಇನ್ನೊಂದ್ ಹೆಲ್ಮೆಟ್ ಐತೆ” ಎಂದರು ಮುನಿರಾಜು. ದಾಳಿಂಬೆಯ ಜೊತೆ ಅರ್ಧ ಡಜನ್ ಮೂಸಂಬಿಯನ್ನೂ ಕಟ್ಟಿಸಿಕೊಂಡರು.

ಹಣ್ಣಿನ ಚೀಲ ಕಾಲ ಬಳಿ, ಪುಸ್ತಕ ನನ್ನ ಮಡಿಲಲ್ಲಿ, ಸ್ಕೂಟರು ಜಯದೇವ ಆಸ್ಪತ್ರೆ ದಾಟಿ ಜೆ.ಪಿ. ನಗರದ ಕಡೆ ತಿರುಗಿತು. ಗಾಳಿಗೆ ಹೆಲ್ಮೆಟ್ಟು ಹಾರಿಹೋಗುತ್ತದೇನೋ ಎಂದು ಒಂದು ಕೈಯಲ್ಲಿ ಅದನ್ನೂ ಹಿಡಿದುಕೊಂಡಿದ್ದೆ. ದಾರಿಯುದ್ದಕ್ಕೂ ಮುನಿರಾಜು ತಾವು ಆ ತಾಯಿಗೆ ಕೇಳಬೇಕೆಂದಿರುವ ಪ್ರಶ್ನೆಗಳನ್ನು ಹೇಳುತ್ತಿದ್ದರು. ನಾನು ಹೇಳಬೇಕಾದ ಕ್ಷಮೆಯ ಮಾತು ಜೋಡಿಸುತ್ತಿದ್ದೆ. ಎಷ್ಟು ಜೋಡಿಸಿದರೂ ಅದು ರಜಾ ಅರ್ಜಿಯ ಹಾಗೆ ಕೇಳುತ್ತಿತ್ತು.

ಮಿನಿ ಫಾರೆಸ್ಟ್ ಪಾರ್ಕಿನ ಹಿಂದಿನ ಒಂದು ಅಡ್ಡರಸ್ತೆಯಲ್ಲಿ ಮನೆ. ಮೊದಲ ಮಹಡಿ. ಒಳಗೆ ಸೊಸೆ ರೊಟ್ಟಿ ತಟ್ಟುವ ಸದ್ದು. ಶಿವಗಂಗಮ್ಮ ಬಾಗಿಲಿಗೇ ಬಂದು ನಿಂತಿದ್ದರು. ಎಂಬತ್ತರ ಹತ್ತಿರದ ಎತ್ತರದ ಹೆಂಗಸು, ಹಣೆಯ ಮೇಲೆ ವಿಭೂತಿ, ಶಬಾನಾ ಹೊಲಿದ ಹಸಿರು ಬ್ಲೌಸು. ದಾವಣಗೆರೆ ಕಡೆಯ ಸೀರೆ ವ್ಯಾಪಾರದ ಮನೆತನ, ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾದರೂ ಮಾತಿನಲ್ಲಿ ಊರು ಉಳಿದಿತ್ತು.

“ಬರ್ರಿ ಬರ್ರಿ, ಕೂತ್ಕಳ್ರಿ. ತಂದೀರೇನು?”

ಮುನಿರಾಜು ಎರಡೂ ಕೈಯಲ್ಲಿ ಪುಸ್ತಕ ಕೊಟ್ಟರು. ಅವರು ರಟ್ಟಿನ ಮೇಲೆ ಕೈಯಾಡಿಸಿದರು. ಮೂಗಿನ ಹತ್ತಿರ ಹಿಡಿದರು. ಆಮೇಲೆ ಪುಸ್ತಕವನ್ನು ಹಿಂದುಮುಂದಾಗಿ ತಿರುಗಿಸಿದರು. “ನಾನು ಯಾವ ಕಾದಂಬರಿನೂ ಹಿಂದ್ಲಿಂದ ನೋಡಾದು” ಎಂದು ಕನ್ನಡಕ ಹಾಕಿಕೊಂಡು ಕೊನೆಯ ಬಿಳಿ ಹಾಳೆಯ ಮೇಲೆ ಬೆರಳಿಟ್ಟರು.

ಬೆರಳು ಒಂದೊಂದೇ ಅಕ್ಷರದ ಕೆಳಗೆ ಸರಿಯಿತು. ಒಂದು ಕಡೆ ನಿಂತಿತು. ಯಾವ ಪದ ಎಂದು ನನಗೆ ಗೊತ್ತಿತ್ತು. ಆಮೇಲೆ ಮತ್ತೆ ಸರಿದು ಪುಟದ ಕೆಳಗಿನ ತನಕ ಹೋಯಿತು.

“ವಿಮಲಾ ಅಂದ್ರೆ ನೀವಾ?”

“ಹೌದಮ್ಮ. ನಾನು ಹಾಗೆ ಬರೀಬಾರ್ದಿತ್ತು. ತಪ್ಪಾಯ್ತು.”

“ಯಾಕೆ, ಸುಳ್ಳು ಬರ್ದಿದ್ರಾ?”

ಜೋಡಿಸಿಕೊಂಡು ಬಂದ ಮಾತೆಲ್ಲ ಗಾಳಿಗೆ ಹೋಯಿತು. ಮುನಿರಾಜು ಮೂಸಂಬಿಯನ್ನು ದಿಟ್ಟಿಸುತ್ತಿದ್ದರು. “ಸುಳ್ಳು ಬರ್ದಿರ್ಲಿಲ್ಲ” ಎಂದೆ.

“ಮತ್ತೆ? ಆ ಹತ್ತು ಪುಟ ಒಂದೇ ದಿನದಾಗೆ ಬರ್ದೆ. ಯಾರೂ ಕುತ್ತಿಗೆ ಹಿಡಿದಿರ್ಲಿಲ್ಲ. ನಮ್ಮನೆಯವ್ರು ಬರೆಯಾಕೆ ಅಂತ ಟೇಬಲ್ ಸೈತ ಮಾಡ್ಸಿಕೊಟ್ಟಿದ್ರು. ನಂಗೇ ಹೆದ್ರಿಕೆ ಆತು. ಸುಮಿತ್ರಾನ ಆ ಕೋಣೇಲೇ ಬಿಟ್ರೆ, ಬರ್ದ ಇವಳಿಗೂ ಮನೆ ಬಿಟ್ಟು ಹೋಗೋ ಆಸೆ ಐತೇನೋ ಅಂದಾರು ಅಂತ. ಅದು ಸುಳ್ಳು ಅಂತ ಬರ್ದ ದಿನಾನೇ ಗೊತ್ತಿತ್ತು ನಂಗೆ. ಯಾರಾದ್ರೂ ಹಿಡೀತಾರೆ ಅಂತ ಕಾದೆ. ಬೀಗರು ಚೆನ್ನಾಗೈತೆ ಅಂದ್ರು. ಸಮಾಜದವ್ರು ಶಾಲು ಹೊದಿಸಿ ಚೆನ್ನಾಗೈತೆ ಅಂದ್ರು. ಒಬ್ರೂ ಓದಿಲ್ಲ ಅಂತ ತಿಳೀತು. ಬರೆಯಾದೇ ಬಿಟ್ಟೆ.”

ಬಗ್ಗಿ ಅವರ ಕಾಲು ಮುಟ್ಟಲು ಹೋದೆ. “ಏ ಬಿಡ್ರಿ ಅತ್ಲಾಗೆ” ಎಂದು ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು, ಆದರೆ ಮುಖ ಅರಳಿತ್ತು. ಹಾಳೆಯನ್ನು ಇನ್ನೊಂದು ಸಲ ಓದಿ, ಮೇಷ್ಟರ ಸಾಲಿಗೆ ಬಂದಾಗ “ಇವನ್ಯಾವನು?” ಎಂದರು. ನಾವು ಮೂವರೂ ನಕ್ಕೆವು.

“ಅದಿರ್ಲಿ, ನಿಮಗ್ಯಾಕೆ ಅಷ್ಟು ಸಿಟ್ಟು ಬಂತು ಹೇಳ್ರಿ.”

ಇದನ್ನು ನಾನು ಬಳಗದಲ್ಲಿ ಯಾರಿಗೂ ಹೇಳಿರಲಿಲ್ಲ. ಮುನಿರಾಜುವಿಗೂ ಹೊಸದು. “ನಾನೂ ಟೈಪಿಸ್ಟಮ್ಮ. ಮೂವತ್ತಮೂರು ವರ್ಷ. ಮದುವೆಗೆ ಮುಂಚೆ ಆರು ವರ್ಷ ಬಾಡಿಗೆ ರೂಮಲ್ಲಿ ಒಬ್ಬಳೇ ಇದ್ದೆ. ನಮ್ಮಣ್ಣನೂ ಕರೆಯೋಕೆ ಬಂದಿದ್ದ. ನಾನು ಹೋಗ್ಲಿಲ್ಲ.”

“ಹೋಗ್ಲಿಲ್ವಾ?” ಶಿವಗಂಗಮ್ಮ ಕುರ್ಚಿಯ ಅಂಚಿಗೆ ಸರಿದರು. “ಅವ ಬಂದಾಗ ಏನಂದ್ರಿ?”

“ಕೂತ್ಕೊ, ಟೀ ಮಾಡ್ತೀನಿ ಅಂದೆ.”

“ಅಳಲಿಲ್ವಾ ಅವ?”

“ಅತ್ತ. ಟೀ ಕುಡ್ಕೊಂಡೇ ಅತ್ತ.”

“ನೀವು?”

“ಅವನು ಮೆಟ್ಟಿಲು ಇಳಿಯೋ ತನಕ ಅಳಲಿಲ್ಲ. ಆಮೇಲೆ ಲೋಟ ತೊಳೆದೆ. ತೊಳೀತಾ ಅತ್ತೆ. ಮಾರನೇ ದಿನ ಹತ್ತು ಗಂಟೆಗೆ ಆಫೀಸಲ್ಲಿದ್ದೆ.”

ಅವರು ಬಿಡಲಿಲ್ಲ. ಅಣ್ಣ ಎಲ್ಲಿ ಕೂತಿದ್ದ, ಮಂಚದ ಮೇಲೋ ಚಾಪೆ ಮೇಲೋ? ಚಪ್ಪಲಿ ಒಳಗೆ ಬಿಟ್ಟನೋ ಹೊರಗೋ? ಹಾಲು ಮನೆಯಲ್ಲಿ ಇತ್ತೋ, ತರಬೇಕಾಯಿತೋ? ಹೋಗುವಾಗ ಹಿಂದೆ ತಿರುಗಿ ನೋಡಿದನೋ? ಮೂವತ್ತೈದು ವರ್ಷ ಯಾರೂ ಕೇಳದ ಪ್ರಶ್ನೆಗಳು. ಹಾಲು ಕೆಳಮನೆಯವರಿಂದ ಕೇಳಿ ತಂದಿದ್ದೆ ಎಂದು ನೆನಪಾದಾಗ ನನಗೇ ಆಶ್ಚರ್ಯವಾಯಿತು. ಮುನಿರಾಜು ದಾಳಿಂಬೆ ಬಿಡಿಸಿ ತಟ್ಟೆಗೆ ಹಾಕುತ್ತಾ ಒಂದು ಕಾಳನ್ನೂ ಬಾಯಿಗೆ ಹಾಕಿಕೊಳ್ಳದೆ ಕೇಳುತ್ತಿದ್ದರು.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬೆಳಿಗ್ಗೆ ಉಪ್ಪಿಟ್ಟು ಬಿಟ್ಟು ಬಂದ ನಾನು ನಾಲ್ಕು ರೊಟ್ಟಿ ತಿಂದೆ. ಮುನಿರಾಜುವಿನ ಲೆಕ್ಕ ಹೇಳುವುದಿಲ್ಲ. ಜಯನಗರದಲ್ಲಿ ಕೊಂಡ ನಾಲ್ಕು ಪುಸ್ತಕಗಳನ್ನು ಚಾಪೆಯ ಮೇಲೆ ಹರಡಿ ಹಂಚಿಕೊಂಡೆವು. ಮೊದಲ ಭಾಗ ಮಾತ್ರ ಸಿಕ್ಕಿದ್ದನ್ನು ಸೊಸೆ ಎತ್ತಿಕೊಂಡಳು, ಎರಡನೆಯದು ಸಿಕ್ಕರೆ ತನಗೇ ಮೊದಲು ಎಂದು ನನ್ನಿಂದ ಮಾತು ತೆಗೆದುಕೊಂಡಳು. ‘ನೀರಿನ ಟ್ಯಾಂಕಿನ ಪಕ್ಕದ ಮನೆ’ ಮಾತ್ರ ಶಿವಗಂಗಮ್ಮನವರ ತೊಡೆಯ ಮೇಲಿಂದ ಅಲ್ಲಾಡಲಿಲ್ಲ.

ಮೂರು ಗಂಟೆಗೆ ಎದ್ದೆವು. ನನಗೆ ಬನಶಂಕರಿ ಬಸ್ಸು ಸಿಗುವ ತನಕ ಬಿಡುತ್ತೇನೆ ಎಂದು ಮುನಿರಾಜು ಸ್ಕೂಟರಿನ ಕೀಲಿ ತೆಗೆದರು. ಶಿವಗಂಗಮ್ಮ ಬಾಗಿಲ ತನಕ ಬಂದು, “ಲೋಟ ಸ್ಟೀಲಿಂದಾ, ಗಾಜಿಂದಾ?” ಎಂದು ಕೇಳಿದರು.

“ಸ್ಟೀಲಮ್ಮ. ಒಂದೇ ಇದ್ದಿದ್ದು. ಅವನಿಗೆ ಕೊಟ್ಟು ನಾನು ಕುಡೀಲಿಲ್ಲ.”

“ಹಾಂ” ಎಂದು ಒಳಗೆ ಹೋದರು. ‘ಹೋಗಿಬರ್ರಿ’ ಎನ್ನುವುದನ್ನೂ ಮರೆತರು.

ಕೆಳಗೆ ಬಂದು ಹೆಲ್ಮೆಟ್ಟು ಹಾಕಿಕೊಂಡು ಒಂದು ಸಲ ಮೇಲೆ ನೋಡಿದೆ. ಬಾಲ್ಕನಿಯ ಕುರ್ಚಿಯಲ್ಲಿ ಅವರು ಕೂತಿದ್ದರು. ತೊಡೆಯ ಮೇಲೆ ಕಾದಂಬರಿ, ಅದರ ಮೇಲೆ ಸೊಸೆ ಸಾಮಾನಿನ ಪಟ್ಟಿ ಬರೆಯುವ ನೋಟ್‌ಬುಕ್ಕು. ಗಾಳಿಗೆ ಹಾಳೆ ಏಳದಂತೆ ಒಂದು ಕೈ ಅದರ ಮೇಲಿತ್ತು. ನಾನು ಕೈ ಬೀಸಿದೆ. ಮುನಿರಾಜು ಎರಡು ಸಲ ಹಾರನ್ ಒತ್ತಿದರು. ಅವರು ತಲೆ ಎತ್ತಲಿಲ್ಲ. ಬರೆಯುತ್ತಿದ್ದರು.